ಬಿದ್ದವರನ್ನು ಮಾತಾಡಿಸಲು ಬೋಟಿನಲ್ಲಿ ಒಬ್ಬರಿರಲಿ

ಸ್ಲಾಲಮ್ ವಾಟರ್ ಸ್ಕೀಯಿಂಗ್‌ನ ಲೆಕ್ಕ ಮೊದಲ ನೋಟಕ್ಕೆ ತಾಳೆಯಾಗುವುದೇ ಇಲ್ಲ. ಬೋಟು ನೇರವಾಗಿ ಸಾಗುವ ಗೆರೆಯಿಂದ ಪಕ್ಕಕ್ಕೆ 11.5 ಮೀಟರ್ ದೂರದಲ್ಲಿ ತೇಲುವ ಚೆಂಡೊಂದಿರುತ್ತದೆ. ಬೋಟಿಗೆ ಕಟ್ಟಿದ ಹಗ್ಗ ಹಿಡಿದ ಆಟಗಾರ ಅದನ್ನು ಹೊರಗಡೆಯಿಂದ ಸುತ್ತಿಕೊಂಡು ಬರಬೇಕು. 2013ರಲ್ಲಿ ಅಮೆರಿಕದ ನೇಟ್ ಸ್ಮಿತ್ ವಿಶ್ವದಾಖಲೆ ಬರೆದಾಗ ಅವರು ಹಿಡಿದಿದ್ದ ಹಗ್ಗದ ಉದ್ದ 9.75 ಮೀಟರ್. ಅಂದರೆ ಚೆಂಡಿನವರೆಗಿನ ದೂರಕ್ಕಿಂತ ಹಗ್ಗವೇ ಒಂದೂ ಮುಕ್ಕಾಲು ಮೀಟರ್ ಗಿಡ್ಡ. ಆ ಕೊರತೆಯನ್ನು ಅವರು ತುಂಬಿಕೊಂಡದ್ದು ತಮ್ಮ ಮೈಯಿಂದ: ಒಂದು ಕೈಯನ್ನು ಪೂರ್ತಿ ಚಾಚಿ, ಇಡೀ ದೇಹವನ್ನು ನೀರಿಗೆ ಸಮಾನಾಂತರ ಎನ್ನುವಷ್ಟು ಮಲಗಿಸಿ, ಕಾಲಡಿಯ ಒಂದೇ ಸ್ಕೀಯನ್ನು ಚೆಂಡಿನಾಚೆ ದಾಟಿಸಿ. ಆ ಹಗ್ಗದಲ್ಲಿ ಅವರಿಗೆ ಸಿಕ್ಕಿದ್ದು ಆರರಲ್ಲಿ ಎರಡೂವರೆ ಚೆಂಡು. ವಿಶ್ವದಾಖಲೆಗೆ ಅಷ್ಟು ಸಾಕಾಯಿತು.

ಕೋರ್ಸಿನ ಉದ್ದ 259 ಮೀಟರ್. ಎಡಕ್ಕೂ ಬಲಕ್ಕೂ ಸೇರಿ ಆರು ಚೆಂಡು. ಪುರುಷರ ಮುಕ್ತ ವಿಭಾಗದಲ್ಲಿ ಬೋಟಿನ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ., ಮಹಿಳೆಯರಿಗೆ 55. ಈ ವೇಗದಲ್ಲಿ ಇಡೀ ಕೋರ್ಸು ಹದಿನಾರು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಬೋಟು ನೇರ ಹೋಗುತ್ತದೆ, ಆಟಗಾರ ಅಂಕುಡೊಂಕಾಗಿ ಹೋಗುತ್ತಾನೆ. ಅದೇ ಹದಿನಾರು ಸೆಕೆಂಡಿನಲ್ಲಿ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಅವನ ವೇಗ ಬೋಟಿಗಿಂತ ಹೆಚ್ಚಿರಲೇಬೇಕು. ಬೋಟಿನ ಹಿಂದೆ ಏಳುವ ಅಲೆಗಳನ್ನು ಅಡ್ಡ ಹಾಯುವಾಗ ಹಗ್ಗ ಅವನನ್ನು ಕವಣೆಯ ಕಲ್ಲಿನಂತೆ ಬೀಸುತ್ತದೆ. ಕೆಟ್ಟದಾಗಿ ಬೀಳುವುದು ಬಹುಮಟ್ಟಿಗೆ ಅಲ್ಲೇ.

ಬೀಳುವುದು ಈ ಆಟಕ್ಕೆ ಹುಟ್ಟಿನಿಂದ ಬಂದದ್ದು. 1922ರಲ್ಲಿ ಮಿನ್ನೆಸೋಟದ ಲೇಕ್ ಪೆಪಿನ್ ಎಂಬ ಕೆರೆಯಲ್ಲಿ ರಾಲ್ಫ್ ಸ್ಯಾಮ್ಯುಯಲ್‌ಸನ್ ಎಂಬ ಹದಿನೆಂಟರ ಹುಡುಗ ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಹಿಮದ ಸ್ಕೀ ಕಟ್ಟಿಕೊಂಡು ನೋಡಿದ, ಎರಡರಲ್ಲೂ ಮುಳುಗಿದ. ಕೊನೆಗೆ ಮರದ ಹಲಗೆಗಳ ತುದಿಯನ್ನು ಅಮ್ಮನ ಹಂಡೆಯಲ್ಲಿ ಕುದಿಸಿ ಬಗ್ಗಿಸಿಕೊಂಡು ನೀರ ಮೇಲೆ ನಿಂತ. ಬಟ್ಟೆ ಒಣಹಾಕುವ ಹಗ್ಗವೇ ಅವನಿಗೆ ಎಳೆಯುವ ಹಗ್ಗ. ಬೋಟು ನಡೆಸಿದ್ದು ಅಣ್ಣ ಬೆನ್. ಅವತ್ತಿನ ಬೋಟಿನ ವೇಗಕ್ಕೆ ಬಿದ್ದರೆ ಮೂಗಿನೊಳಗೆ ನೀರು ಹೋಗುತ್ತಿತ್ತು, ಅಷ್ಟೆ. ನೂರು ವರ್ಷದಲ್ಲಿ ಎಂಜಿನ್ ಬದಲಾಯಿತು, ಸ್ಕೀ ಬದಲಾಯಿತು, ಹಗ್ಗ ಗಿಡ್ಡವಾಯಿತು. ‘ನೀರೇ ತಾನೆ, ಏನಾಗುತ್ತದೆ’ ಎಂಬ ಮಾತು ಮಾತ್ರ ಬದಲಾಗಲಿಲ್ಲ.

ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಚೆಂಡು ಸುತ್ತಿದ ಮೇಲೆ ಆಟಗಾರ ಮತ್ತೆ ಅಲೆಗಳತ್ತ ತಿರುಗುತ್ತಾನೆ. ತಿರುಗುವಾಗ ಹಗ್ಗ ಸಡಿಲವಾಯಿತು ಎಂದುಕೊಳ್ಳಿ. ಬೋಟು ಸೆಕೆಂಡಿಗೆ ಹದಿನಾರು ಮೀಟರ್ ಮುಂದೋಡುತ್ತಿದೆ. ಸಡಿಲು ಬಹಳ ಹೊತ್ತು ಉಳಿಯುವುದಿಲ್ಲ. ಹಗ್ಗ ಥಟ್ಟನೆ ಬಿಗಿದು ಕೈಯನ್ನು ಕುಕ್ಕುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಸೊಂಟ ಮುರಿದಂತೆ ಬಗ್ಗುತ್ತದೆ. ಅದೇ ಹೊತ್ತಿಗೆ ಸ್ಕೀಯ ಮೂತಿ ಅಲೆಗೆ ತಗುಲಿ ಒಂದು ಕ್ಷಣ ತಡೆದರೂ ಸಾಕು, ಪಾದ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಆಟಗಾರರು ‘ಔಟ್ ದಿ ಫ್ರಂಟ್’ ಎನ್ನುವುದು ಇದಕ್ಕೇ. ಕಾಲು ಹಿಂದೆ, ತಲೆ ಮುಂದೆ. ಮುಖವೋ ಕಿವಿಯೋ ಮೊದಲು ನೀರಿಗೆ ಬಡಿಯುತ್ತದೆ. ನೀರು ಕುಗ್ಗಿಕೊಂಡು ಜಾಗ ಕೊಡುವ ವಸ್ತುವಲ್ಲ, ಪಕ್ಕಕ್ಕೆ ಸರಿಯಬೇಕು. ಸರಿಯಲು ಅದಕ್ಕೆ ಸಮಯ ಬೇಕು. ಆ ವೇಗದಲ್ಲಿ ಸಮಯವಿಲ್ಲ.

ಇಷ್ಟಾದರೂ ತಲೆಬುರುಡೆ ಒಡೆಯುವುದು ಅಪರೂಪ. ಪೆಟ್ಟು ಬೀಳುವುದು ಒಳಗೆ. ತಲೆ ಒಂದು ಕಡೆಗೆ ಗಿರಕ್ಕನೆ ತಿರುಗಿದಾಗ ಒಳಗಿನ ಮಿದುಳು ಅಷ್ಟೇ ಬೇಗ ತಿರುಗಲಾರದೆ ಜಗ್ಗಿಕೊಳ್ಳುತ್ತದೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬರ್ನ್ 1943ರಲ್ಲೇ ಜೆಲಾಟಿನ್ ತುಂಬಿದ ಮಾದರಿಗಳನ್ನು ಇಟ್ಟುಕೊಂಡು ಈ ತಿರುಗುವಿಕೆಯ ಕೈವಾಡವನ್ನು ತೋರಿಸಿದ್ದರು. ಹೊರಗೆ ಗಾಯವಿಲ್ಲ, ರಕ್ತವಿಲ್ಲ, ಬುಗುಟೂ ಇಲ್ಲ. ಆಟಗಾರ ತೇಲುತ್ತಾ ನಗುತ್ತಾನೆ, ಕೈ ಎತ್ತುತ್ತಾನೆ, ‘ಇನ್ನೊಂದು ಸುತ್ತು’ ಎನ್ನುತ್ತಾನೆ.

ಇಲ್ಲಿ ಒಂದು ಅಂಕಿ ಅಂಶವನ್ನು ಮುಚ್ಚಿಡದೆ ಹೇಳಬೇಕು. 2001ರಿಂದ 2003ರವರೆಗೆ ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ವೇಕ್‌ಬೋರ್ಡ್ ಎಂಬ ಒಂದೇ ಅಗಲ ಹಲಗೆ ಕಟ್ಟಿಕೊಂಡು ಆಡಿ ಗಾಯಗೊಂಡವರಲ್ಲಿ ತಲೆಯ ಗಾಯ ಶೇ 29ರ ಹತ್ತಿರವಿತ್ತು. ವಾಟರ್ ಸ್ಕೀಯಿಂಗ್‌ನಲ್ಲಿ ಶೇ 4ರ ಆಸುಪಾಸು. ಸ್ಕೀ ಆಡುವವರು ಹೆಚ್ಚಾಗಿ ಉಳುಕಿಸಿಕೊಂಡು, ಸ್ನಾಯು ಎಳೆಸಿಕೊಂಡು ಬಂದಿದ್ದರು. ಹಾಗಾದರೆ ಈ ಲೇಖನವೇಕೆ ಎಂದು ಕೇಳಬಹುದು. ಆ ಅಂಕಿ ಆಸ್ಪತ್ರೆಯ ಬಾಗಿಲು ದಾಟಿ ಒಳಬಂದವರದ್ದು, ಹಲಗೆ ಕಟ್ಟಿಕೊಂಡು ಮೊದಲ ಸಲ ನಿಲ್ಲುವವರನ್ನೂ ಸೇರಿಸಿಕೊಂಡದ್ದು. ತಲೆ ಧಿಮ್ಮೆಂದರೂ ‘ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತೆ’ ಎಂದು ದಡದಲ್ಲೇ ಉಳಿದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಪರೂಪ ಎಂಬ ಕಾರಣಕ್ಕೇ ಯಾರೂ ಸಿದ್ಧರಾಗಿರುವುದಿಲ್ಲ ಎಂಬುದು ಇನ್ನೊಂದು ತೊಂದರೆ.

ತಲೆಯ ಮಾತು ಬಂದ ಕೂಡಲೇ ಎಲ್ಲರೂ ಹೆಲ್ಮೆಟ್ಟಿಗೆ ಬರುತ್ತಾರೆ. ವಾಟರ್ ಸ್ಕೀಯ ಜಂಪ್ ವಿಭಾಗದಲ್ಲಿ ಹೆಲ್ಮೆಟ್ ಕಡ್ಡಾಯ. ಅಲ್ಲಿ ಗಟ್ಟಿ ಇಳಿಜಾರು ಹಲಗೆಯೊಂದು ನೀರಿನ ನಡುವೆ ನಿಂತಿದೆ, ಎರಡು ಉದ್ದನೆಯ ಸ್ಕೀಗಳಿವೆ, ಹಾರುವ ದೂರವೂ ಭಾರಿ. ಸ್ಲಾಲಮ್ಮಿನಲ್ಲಿ ಹೆಚ್ಚಿನವರು ಬರಿ ತಲೆಯಲ್ಲೇ ಆಡುತ್ತಾರೆ. ಅದಕ್ಕೆ ಅವರು ಕೊಡುವ ಕಾರಣ ಸೋಮಾರಿತನದ್ದಲ್ಲ. ಅಂಚು ಅಗಲವಾದ, ಸಡಿಲವಾಗಿ ಕೂತ ಹೆಲ್ಮೆಟ್ಟಿನೊಳಗೆ ನೀರು ನುಗ್ಗಿದರೆ ಅದು ಬಕೆಟ್ಟಾಗಿ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ, ಕುತ್ತಿಗೆಗೆ ಪೆಟ್ಟು ಎಂಬುದು ಅವರ ವಾದ. ಜಲಕ್ರೀಡೆಗೆ ಸಿಗುವ ಹೆಲ್ಮೆಟ್‌ಗಳಲ್ಲಿ ಬಹುಪಾಲು ಯುರೋಪಿನ ಇಎನ್ 1385 ಮಾನದಂಡದವು. ಅದನ್ನು ರೂಪಿಸಿದ್ದು ನೊರೆನೀರಿನ ಹೊಳೆಯಲ್ಲಿ ದೋಣಿ ನಡೆಸುವವರ ತಲೆ ಬಂಡೆಗೆ ತಾಗದಿರಲಿ ಎಂದು. ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಹೋದವರು ಲೈಫ್ ಜಾಕೆಟ್ಟಿನ ಜೊತೆ ತಲೆಗೆ ಹಾಕಿಕೊಳ್ಳುವುದು ಈ ಜಾತಿಯ ಹೆಲ್ಮೆಟನ್ನೇ. ಅಲ್ಲಿ ಅದು ಬೇಕೇ ಬೇಕು, ಕೆಳಗೆ ಬಂಡೆಗಳಿವೆ. ಬಂಡೆಯಿಲ್ಲದ ಆಳ ನೀರಿನಲ್ಲಿ, ತಿರುಗುವ ಪೆಟ್ಟಿಗೆ, ಅದರಿಂದ ಎಷ್ಟು ಉಪಯೋಗ ಎಂಬುದು ಬೇರೆಯೇ ಪ್ರಶ್ನೆ.

ಹಾಗೆಂದು ಹೆಲ್ಮೆಟ್ ಬೇಡ ಎಂದು ತೀರ್ಪು ಕೊಟ್ಟರೆ ಅದೂ ಅರ್ಧ ಸತ್ಯ. ಬೀಳುವಾಗ ಕಾಲಿನಿಂದ ಕಳಚಿದ ಸ್ಕೀ ತಿರುಗಿ ಬಂದು ತಲೆಗೆ ಬಡಿಯುವುದುಂಟು. ನೆತ್ತಿ ಸೀಳಿ ಹೊಲಿಗೆ ಬೀಳುವ ಇಂಥ ಗಾಯವನ್ನು ಹೆಲ್ಮೆಟ್ ಖಂಡಿತ ತಡೆಯುತ್ತದೆ. ಕಿವಿ ಮುಚ್ಚುವ ಮೆತ್ತನೆಯ ಟೊಪ್ಪಿಗೆಯೂ ಸಣ್ಣ ಉಪಕಾರವಲ್ಲ. ಕಿವಿ ಮೊದಲು ನೀರಿಗೆ ಬಡಿದರೆ ತಮಟೆ ಹರಿಯುತ್ತದೆ. ಹರಿದ ತಮಟೆಯೊಳಗೆ ತಣ್ಣೀರು ಹೊಕ್ಕರೆ ತಲೆ ಸುತ್ತಿ, ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯದೆ ನೀರಿನೊಳಗೇ ತಡಕಾಡುವ ಸ್ಥಿತಿ ಬರುತ್ತದೆ. ಹಾಕುವುದಾದರೆ ತಲೆಗೆ ಅಂಟಿದಂತೆ ಕೂರುವ, ಅಂಚು ಹೊರಚಾಚದ, ನೀರು ಹರಿದುಹೋಗಲು ತೂತುಗಳಿರುವ ಹೆಲ್ಮೆಟ್ ಹಾಕಬೇಕು. ಬೈಕಿನದೋ ಸೈಕಲ್ಲಿನದೋ ಇದೆಯಲ್ಲ ಎಂದು ಹಾಕಿಕೊಂಡು ಇಳಿಯುವುದು ಬರಿ ತಲೆಗಿಂತ ಅಪಾಯ. ಪೊಲೀಸರು ಹಿಡಿಯದಿರಲಿ ಎಂದು ಅರ್ಧ ಹೆಲ್ಮೆಟ್ ಇಟ್ಟುಕೊಂಡು ಓಡಾಡುವ ಊರಿನವರಿಗೆ, ತಲೆ ಮೇಲೆ ಏನೋ ಇದೆ ಎನ್ನುವುದಕ್ಕೂ ತಲೆ ಉಳಿಯುತ್ತದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಿಲ್ಲ.

ಹೆಲ್ಮೆಟ್ ಚರ್ಚೆಯ ಗದ್ದಲದಲ್ಲಿ ಹಗ್ಗದ ಹಿಡಿಕೆ ಮರೆತುಹೋಗಿದೆ ಎಂಬುದು ಈ ಬರಹದ ದೂರು. ಹಿಡಿಕೆಯೆಂದರೆ ಅಡ್ಡ ಸರಳು, ಅದರ ಎರಡೂ ತುದಿಯಿಂದ ಹೊರಟು ಮುಂದೆ ಕೂಡಿಕೊಳ್ಳುವ ಹಗ್ಗ. ನಡುವೆ ತ್ರಿಕೋನದ ಒಂದು ಬಯಲು. ಮುಂದಕ್ಕೆ ಎಸೆಯಲ್ಪಟ್ಟ ಆಟಗಾರನ ತೋಳೋ, ಕೆಲವೊಮ್ಮೆ ತಲೆಯೋ ಆ ಬಯಲಿನೊಳಗೆ ಹೊಕ್ಕುಬಿಟ್ಟರೆ ಎಳೆಯುವ ಬೋಟು ತಾನಾಗಿ ನಿಲ್ಲುವುದಿಲ್ಲ. ಈ ತ್ರಿಕೋನಕ್ಕೆ ಪಟ್ಟಿಗಳ ಬಲೆ ಹೆಣೆದು ಮುಚ್ಚಿದ ಹಿಡಿಕೆಗಳು ಮಾರುಕಟ್ಟೆಯಲ್ಲಿವೆ. ಸ್ಕೀಗೂ ಬೋಟಿಗೂ ಸುರಿಯುವ ಹಣದ ಮುಂದೆ ಅದು ಚಿಲ್ಲರೆ. ಬಲೆಯಿಲ್ಲದ ಹಿಡಿಕೆಯನ್ನು ಯಾವ ಕ್ಲಬ್ಬೂ ಬೋಟಿಗೆ ಕಟ್ಟಬಾರದು. ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಕಾಲಿನ ಕಟ್ಟೂ ಹಾಗೆಯೇ. ಬಿದ್ದಾಗ ಎರಡೂ ಪಾದ ಒಟ್ಟಿಗೆ ಕಳಚಬೇಕು, ಇಲ್ಲವೇ ಎರಡೂ ಉಳಿಯಬೇಕು. ಒಂದು ಕಳಚಿ ಇನ್ನೊಂದು ಸಿಕ್ಕಿಕೊಂಡರೆ ಮೊದಲು ಮುರಿಯುವುದು ಕಣಕಾಲು, ನಿಜ. ಆದರೆ ಒಂದು ಕಾಲಿನ ಮೇಲೆ ಗಿರಗಿರ ತಿರುಗಿದ ಮೈ ತಲೆಯನ್ನು ಎಲ್ಲಿ, ಹೇಗೆ ಬಡಿಸುತ್ತದೆ ಎಂದು ಹೇಳಲಾಗದು.

ಇನ್ನು ವೇಗ. ಅಪ್ಪಳಿಸುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಬೋಟಿನ ವೇಗವನ್ನು 58ರಿಂದ 49 ಕಿ.ಮೀ.ಗೆ ಇಳಿಸಿದರೆ ಆ ಶಕ್ತಿ ಶೇ 29ರಷ್ಟು ಇಳಿಯುತ್ತದೆ. ಯಾವ ಅಂಗಡಿಯಲ್ಲೂ ಸಿಗದ ರಕ್ಷಣೆ ಇದು, ಬಿಟ್ಟಿಯಾಗಿ ಸಿಗುತ್ತದೆ. ಸ್ಪರ್ಧೆಯಲ್ಲಿ ಮೊದಲು ವೇಗ ಏರಿಸುತ್ತಾರೆ, ಗರಿಷ್ಠ ವೇಗ ಮುಟ್ಟಿದ ಮೇಲೆ ಹಗ್ಗವನ್ನು 18.25ರಿಂದ 16, 14.25, 13, 12 ಮೀಟರ್ ಎಂದು ಹಂತಹಂತವಾಗಿ ಗಿಡ್ಡ ಮಾಡುತ್ತಾರೆ. ಅಭ್ಯಾಸದಲ್ಲಿ ಈ ಕ್ರಮವನ್ನೇ ಪಾಲಿಸಬೇಕೆಂಬ ಹಟ ಯಾಕೆ? ವಯಸ್ಸಾದವರ ವಿಭಾಗಗಳಲ್ಲಿ ಗರಿಷ್ಠ ವೇಗವನ್ನು ನಿಯಮವೇ ಇಳಿಸಿದೆ. ವಾರಕ್ಕೊಮ್ಮೆ ಆಡುವ ಮೂವತ್ತರ ಹವ್ಯಾಸಿಗೆ ಆ ವಿವೇಕ ಯಾಕೆ ಅನ್ವಯಿಸಬಾರದು?

ಆಟಗಾರನ ಕೈಯಲ್ಲೂ ಒಂದು ಬ್ರೇಕಿದೆ: ಬಿಟ್ಟುಬಿಡುವುದು. ಚೆಂಡಿಗೆ ತಡವಾಗಿ ಬಂದಾಗ, ಹಗ್ಗ ಕಣ್ಣಿಗೆ ಕಾಣುವಷ್ಟು ಜೋತುಬಿದ್ದಾಗ, ಮುಂದಿನ ಚೆಂಡಿನ ಆಸೆ ಬಿಟ್ಟು ಹಿಡಿಕೆ ಕೈಬಿಟ್ಟರೆ ಆತ ನಿಧಾನವಾಗಿ ನೀರಿನಲ್ಲಿ ಇಳಿಯುತ್ತಾನೆ. ಒಂದು ಸೆಕೆಂಡು ತಡವಾದರೆ, ಅಲೆಯ ನಡುವೆ ಪೂರ್ತಿ ಸೆಳೆತ ಬಂದ ಮೇಲೆ, ಬಿಟ್ಟರೂ ಕಷ್ಟ ಹಿಡಿದರೂ ಕಷ್ಟ. ಎಳೆಯರಿಗೆ ಚೆಂಡು ಸುತ್ತುವುದನ್ನು ಕಲಿಸುವ ಮೊದಲು ಬಿಡುವುದನ್ನು ಕಲಿಸಬೇಕು. ದಡಕ್ಕೆ ಬರುವಾಗಲೂ ಅಷ್ಟೇ: ಕಟ್ಟೆಯ ಹತ್ತಿರಕ್ಕೆ ಜೋರಾಗಿ ಜಾರಿ ಬಂದು ನಿಲ್ಲುವ ಶೋಕಿ ನೀರಿನಾಟದಲ್ಲಿ ಮರ ಮತ್ತು ಕಾಂಕ್ರೀಟಿಗೆ ತಲೆ ಕೊಡುವ ಶೋಕಿ.

ಆದರೂ ಈ ಬರಹದ ಮುಖ್ಯ ವಾದ ಸಲಕರಣೆಯದ್ದಲ್ಲ, ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ ಮನುಷ್ಯನದು. ಚಾಲಕನ ಕಣ್ಣು ಮುಂದಿರಬೇಕು. ಈಗಿನ ಬೋಟುಗಳಲ್ಲಿ ಜೀರೋ ಆಫ್‌ನಂಥ ಜಿಪಿಎಸ್ ನಿಯಂತ್ರಕಗಳು ವೇಗ ನೋಡಿಕೊಳ್ಳುತ್ತವೆ, ಆದರೆ ಬಿದ್ದವನನ್ನು ನೋಡುವ ಯಂತ್ರವಿಲ್ಲ. ನೋಡಲೆಂದೇ ಒಬ್ಬ ಬೇಕು. ಬಿದ್ದ ಆಟಗಾರ ಎರಡೂ ಕೈಯನ್ನು ತಲೆಯ ಮೇಲೆ ಕೂಡಿಸಿ ಹಿಡಿದರೆ ‘ನಾನು ಸರಿಯಿದ್ದೇನೆ’ ಎಂದು ಅರ್ಥ. ಆ ಸನ್ನೆ ಬರಲಿಲ್ಲವೆಂದರೆ ಬೋಟು ತಿರುಗಬೇಕು, ತಕ್ಷಣ. ಸ್ಕೀ ಆಡುವಾಗ ತೊಡುವ ಹೆಚ್ಚಿನ ಜಾಕೆಟ್‌ಗಳು ತೇಲಿಸುತ್ತವೆ, ನಿಜ. ಪ್ರಜ್ಞೆ ತಪ್ಪಿದವನನ್ನು ಮುಖ ಮೇಲಾಗಿ ತಿರುಗಿಸುತ್ತವೆ ಎಂಬ ಖಾತರಿಯಿಲ್ಲ. ಕನ್ಕಷನ್ (ಮಿದುಳಿಗೆ ಬಿದ್ದ ಒಳಪೆಟ್ಟು) ಆಗಿ ಬದುಕಬಹುದಾಗಿದ್ದವನು ಅಂಗೈಯಷ್ಟು ನೀರು ಕುಡಿದು ಸಾಯಬಹುದು.

ಸನ್ನೆ ಬಂತು ಎಂದುಕೊಳ್ಳೋಣ. ಕೆಲಸ ಮುಗಿಯಲಿಲ್ಲ. ಹತ್ತಿರ ಹೋಗಿ ಎಂಜಿನ್ ನಿಲ್ಲಿಸಿ ಮಾತಾಡಿಸಬೇಕು. ‘ಎಷ್ಟನೇ ಸುತ್ತಿನಲ್ಲಿ ಬಿದ್ದೆ? ಹಗ್ಗ ಎಷ್ಟಿತ್ತು? ನಿನಗಿಂತ ಮುಂಚೆ ಆಡಿದ್ದು ಯಾರು?’ ಉತ್ತರ ತಡವರಿಸಿದರೆ, ಅದೇ ಪ್ರಶ್ನೆಯನ್ನು ಅವನೇ ತಿರುಗಿ ಕೇಳಿದರೆ, ಬೆಳಕು ಚುಚ್ಚುತ್ತಿದೆ, ವಾಕರಿಕೆ ಬರುತ್ತಿದೆ, ಕಣ್ಣ ಮುಂದೆ ಮಂಜು ಎಂದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು. ಕುತ್ತಿಗೆ ನೋವು ಅಥವಾ ಕೈಕಾಲಲ್ಲಿ ಜೋಮು ಇದ್ದರೆ ತೋಳು ಹಿಡಿದು ಬೋಟಿಗೆ ಎಳೆದುಕೊಳ್ಳಬಾರದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಹಿಡಿದು ನೀರಿನಲ್ಲೇ ಆಸರೆ ಕೊಟ್ಟು ತೇಲಿಸಿ ಸಹಾಯ ಕರೆಯಬೇಕು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಲೇ ಹೋದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ನೇರ ಆಸ್ಪತ್ರೆ.

‘ಎದ್ದು ನಡೆದಾಡುತ್ತಿದ್ದಾನೆ, ಏನೂ ಆಗಿಲ್ಲ’ ಎನ್ನುವವರಿಗೆ ರಮಣ್ ಲಾಂಬಾ ನೆನಪಿರಬೇಕು. 1998ರ ಫೆಬ್ರವರಿ 20ರಂದು ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಭಾರತದ ಆ ಮಾಜಿ ಆರಂಭಿಕ ಆಟಗಾರ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ಟಿಲ್ಲದೆ ನಿಂತಿದ್ದರು. ಓವರಿನಲ್ಲಿ ಕೆಲವೇ ಎಸೆತ ಉಳಿದಿತ್ತು. ಚೆಂಡು ತಲೆಗೆ ಬಡಿಯಿತು. ಅವರು ಎದ್ದರು, ಡ್ರೆಸಿಂಗ್ ರೂಮಿಗೆ ನಡೆದೇ ಹೋದರು. ಮೂರು ದಿನಕ್ಕೆ ತೀರಿಕೊಂಡರು. 2009ರ ಮಾರ್ಚಿನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಹಿಮದ ಇಳಿಜಾರಿನಲ್ಲಿ, ಅದೂ ಕಲಿಯುವವರ ಇಳಿಜಾರಿನಲ್ಲಿ, ಬಿದ್ದು ಎದ್ದು ನಗುತ್ತಾ ವೈದ್ಯಕೀಯ ನೆರವು ಬೇಡವೆಂದರು. ಆಮೇಲೆ ತಲೆನೋವು ಶುರುವಾಯಿತು. ಎರಡು ದಿನದಲ್ಲಿ ಸಾವು. ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕಟ್ಟುವಾಗ ಹೀಗೊಂದು ಮೋಸದ ನೆಮ್ಮದಿಯ ಹೊತ್ತು ಬರುತ್ತದೆ ಎಂಬುದನ್ನು ನರಶಸ್ತ್ರಚಿಕಿತ್ಸಕರು ಬಹಳ ಕಾಲದಿಂದ ಬಲ್ಲರು. ನಿಮ್ಹಾನ್ಸ್‌ನ ತುರ್ತು ವಿಭಾಗದ ಹೊರಗೆ ಕಾದು ಕೂತ ಬಂಧುಗಳನ್ನು ಕೇಳಿದರೆ, ‘ಮೊದಲು ಚೆನ್ನಾಗೇ ಮಾತಾಡ್ತಿದ್ರು’ ಎಂಬ ಮಾತು ಇಂದಿಗೂ ಕಿವಿಗೆ ಬಿದ್ದೀತು.

ಎರಡನೇ ಪೆಟ್ಟು ಇನ್ನೂ ಕ್ರೂರ. ಮೊದಲ ಕನ್ಕಷನ್ ಮಾಯುವ ಮುನ್ನ ಮತ್ತೊಂದು ಬಿದ್ದರೆ ಎಳೆಯ ಮಿದುಳು ಹಠಾತ್ತನೆ ಊದಿಕೊಳ್ಳಬಹುದು. ಕೆನಡಾದ ಒಟ್ಟಾವದಲ್ಲಿ 2013ರ ಮೇ ತಿಂಗಳಲ್ಲಿ ಹದಿನೇಳು ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ ಸತ್ತದ್ದು ಹೀಗೆ, ಕೆಲವೇ ದಿನಗಳ ಅಂತರದಲ್ಲಿ ಬಿದ್ದ ಪೆಟ್ಟುಗಳಿಂದ. ಅವಳ ಹೆಸರಿನಲ್ಲೇ 2018ರಲ್ಲಿ ಒಂಟಾರಿಯೊ ಪ್ರಾಂತ ಕಾನೂನು ಮಾಡಿತು: ಕನ್ಕಷನ್ ಶಂಕೆಯಿದ್ದರೆ ಹೊರಗೆ ಕರೆಯಲೇಬೇಕು, ವೈದ್ಯರು ನೋಡದೆ ಮರಳಿ ಬಿಡುವಂತಿಲ್ಲ. ಕ್ರಿಕೆಟ್ಟೂ ಬದಲಾಯಿತು. 2019ರಲ್ಲಿ ಐಸಿಸಿ ಕನ್ಕಷನ್ ಆದವರಿಗೆ ಬದಲಿ ಆಟಗಾರನ ನಿಯಮ ತಂದಿತು. ಲಾರ್ಡ್ಸ್‌ನಲ್ಲಿ ಆರ್ಚರ್ ಎಸೆತ ತಾಗಿದ ಸ್ಟೀವ್ ಸ್ಮಿತ್ ಬದಲಿಗೆ ಲಬುಶೇನ್ ಬ್ಯಾಟು ಹಿಡಿದು ಬಂದರು. ತಾನು ಆಡಬಲ್ಲೆ ಎಂಬ ಆಟಗಾರನ ಮಾತಿಗೆ ಕೊನೆಯ ಮಾತಿನ ಬೆಲೆ ಇಲ್ಲ ಎಂದು ಅಷ್ಟು ದೊಡ್ಡ ಆಟವೇ ಒಪ್ಪಿಕೊಂಡಿತು.

ಸ್ಲಾಲಮ್ಮಿನಲ್ಲಿ ಬದಲಿ ಆಟಗಾರನಿಲ್ಲ, ತಂಡವಿಲ್ಲ, ಅಂಪೈರ್ ಓಡಿ ಬರುವುದಿಲ್ಲ. ಸಾಮಾನ್ಯ ಅಭ್ಯಾಸದ ದಿನ ಬೋಟಿನಲ್ಲಿರುವುದು ಇಬ್ಬರು ಗೆಳೆಯರು. ಪೆಟ್ರೋಲಿಗೆ ದುಡ್ಡು ಹಾಕಿದವನು ನೀರಿನಲ್ಲಿದ್ದಾನೆ, ‘ಇನ್ನೊಂದೇ ಸುತ್ತು’ ಎನ್ನುತ್ತಿದ್ದಾನೆ. ಬೇಡ ಎನ್ನಲು ಗೆಳೆಯನಿಗೆ ದಾಕ್ಷಿಣ್ಯ. ಈ ದಾಕ್ಷಿಣ್ಯವನ್ನು ಮುರಿಯುವ ದಾರಿ ಒಂದೇ: ನಿರ್ಧಾರವನ್ನು ಮೊದಲೇ ಬರೆದಿಡುವುದು. ತಲೆ ಮೊದಲು ತಾಗುವಂತೆ ಬಿದ್ದರೆ ವೀಕ್ಷಕ ಹೇಳಿದ್ದೇ ಅಂತಿಮ, ಕನ್ಕಷನ್ ಶಂಕೆಯಿದ್ದರೆ ಆ ದಿನ ಮತ್ತೆ ಹಗ್ಗ ಕೊಡುವುದಿಲ್ಲ. 2022ರಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಸೇರಿದ ಕನ್ಕಷನ್ ತಜ್ಞರ ಸಮ್ಮೇಳನದ ಒಮ್ಮತದ ಹೇಳಿಕೆ ಮರುವರ್ಷ ಪ್ರಕಟವಾಯಿತು. ಅದರ ಪ್ರಕಾರ ಮೊದಲ 24ರಿಂದ 48 ಗಂಟೆ ಹಗುರ ಓಡಾಟದ ವಿಶ್ರಾಂತಿ, ಆಮೇಲೆ ಆರು ಹಂತಗಳಲ್ಲಿ ಆಟಕ್ಕೆ ಮರಳಿಕೆ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ. ಮರುದಿನವೇ ಕೋರ್ಸಿಗೆ ಇಳಿಸುವುದಂತೂ ಇಲ್ಲವೇ ಇಲ್ಲ.

ಕರ್ನಾಟಕದಲ್ಲಿ ಸ್ಲಾಲಮ್ ಆಡುವವರು ವಿರಳ. ಆದರೆ ಹಗ್ಗ ಕಟ್ಟಿ ಎಳೆಯುವ ಆಟಗಳು ವಿರಳವಲ್ಲ. ರಜೆ ಬಂದರೆ ನಮ್ಮ ಕಡಲತೀರಗಳಲ್ಲಿ ಬನಾನಾ ಬೋಟಿಗೆ ಸಾಲು ಹಚ್ಚುತ್ತಾರೆ. ಗಾಳಿ ತುಂಬಿದ ಉದ್ದನೆಯ ಕೊಳವೆಯ ಮೇಲೆ ಅಪ್ಪ, ಅಮ್ಮ, ಮಗು ಒಬ್ಬರ ಹಿಂದೊಬ್ಬರು. ಮಜಾ ಬರಲಿ ಎಂದು ಚಾಲಕ ಬೇಕೆಂದೇ ಗಕ್ಕನೆ ತಿರುಗಿಸಿ ಎಲ್ಲರನ್ನೂ ನೀರಿಗೆ ಕೆಡವುತ್ತಾನೆ. ಆಗ ಒಬ್ಬರ ಮೊಣಕೈ ಇನ್ನೊಬ್ಬರ ದವಡೆಗೆ, ಒಬ್ಬರ ಹಣೆ ಇನ್ನೊಬ್ಬರ ತಲೆಗೆ. ನೀರು ಮೆತ್ತಗಿದೆ ಎಂದೇ ಇಟ್ಟುಕೊಂಡರೂ ಪಕ್ಕದವರ ತಲೆ ಮೆತ್ತಗಿಲ್ಲ. ಕೆಡವಿದ ಮೇಲೆ ತಲೆ ಎಣಿಸುವವರು, ಮಗುವನ್ನು ಮಾತಾಡಿಸುವವರು ಎಷ್ಟು ಬೋಟುಗಳಲ್ಲಿದ್ದಾರೆ? ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಬೋಟು ಚಾಲಕರಿಗೂ ಜೀವರಕ್ಷಕರಿಗೂ ತರಬೇತಿ ಕೊಡುತ್ತದೆ, ನೆರೆಯಲ್ಲೇ ಇದೆ. ಜಲಕ್ರೀಡೆಗೆ ಪರವಾನಗಿ ಕೊಡುವವರು ಲೈಫ್ ಜಾಕೆಟ್ ಎಣಿಸಿದರೆ ಸಾಲದು. ಹಿಂದಕ್ಕೆ ನೋಡುತ್ತಾ ಕೂರುವ ಎರಡನೆಯ ವ್ಯಕ್ತಿ ಪ್ರತಿ ಬೋಟಿನಲ್ಲೂ ಇರಬೇಕು, ಬೇಕೆಂದೇ ಕೆಡವುವುದು ನಿಲ್ಲಬೇಕು ಎಂಬ ಎರಡು ಷರತ್ತನ್ನು ಪರವಾನಗಿಯಲ್ಲೇ ಬರೆಯಬೇಕು.

ಓದುಗರಿಗೂ ಒಂದು ಮಾತು. ಸ್ಕೀಯೇ ಇರಲಿ, ಬನಾನಾ ಬೋಟೇ ಇರಲಿ, ಹಗ್ಗ ಹಿಡಿಯುವ ಮುನ್ನ ‘ನಾನು ಬಿದ್ದರೆ ನೋಡುವವರು ಯಾರು’ ಎಂದು ಕೇಳಿ. ಚಾಲಕ ತನ್ನತ್ತಲೇ ಬೆರಳು ತೋರಿಸಿದರೆ ಆ ಬೋಟು ಹತ್ತಬೇಡಿ.